ಹೆಸರು ಬಂದ ಮೇಲೆ

ಗದಗಿನಲ್ಲಿ ನನ್ನ ಸೋದರಮಾವನದು ಬೀಜ, ಗೊಬ್ಬರ, ಎಣ್ಣೆಯ ಅಂಗಡಿ. ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ. ಗಲ್ಲಾದ ಹಿಂದಿನ ಹಲಗೆಯ ಮೇಲೆ ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಪುಸ್ತಕಗಳು ವರ್ಷಕ್ಕೊಂದರಂತೆ ಸಾಲಾಗಿ ನಿಂತಿವೆ. 2024ರ ಮುಂಗಾರಿಗೆ ಸ್ವಲ್ಪ ಮೊದಲು ಮಾವ ಫೋನ್ ಮಾಡಿದರು. “ಅವ್ವಾ, ಯಾರ ರೊಕ್ಕ ಬಂದಿದೆ, ಯಾರದು ಬಂದಿಲ್ಲ ಎಂಬುದು ಈಚೆಗೆ ನನಗೇ ಗೊತ್ತಾಗುತ್ತಿಲ್ಲ. ನೀನು ಕಂಪ್ಯೂಟರ್ ಕಲಿತವಳು, ಏನಾದರೂ ಮಾಡಿಕೊಡು” ಎಂದರು. 30 ವರ್ಷ ಉದ್ರಿ ಕೊಟ್ಟು, ವಸೂಲಿ ಮಾಡಿ, ಒಬ್ಬರ ಲೆಕ್ಕವನ್ನೂ ತಪ್ಪಿಸದ ಮನುಷ್ಯ ಹೀಗೆ ಹೇಳಿದ್ದನ್ನು ಕೇಳಿ ನನಗೆ ಕಳವಳವಾಯಿತು. ನಾನು ಹುಬ್ಬಳ್ಳಿಯಲ್ಲಿ ಸಾಫ್ಟ್‌ವೇರ್ ವಿನ್ಯಾಸದ ಕೆಲಸ ಮಾಡುತ್ತೇನೆ. ಅದೇ ಶನಿವಾರ, ಕೋಡ್ ಬರೆಯುವ ಗೆಳತಿಯನ್ನು ಜೊತೆಗೆ ಕರೆದುಕೊಂಡು ಗದಗಿನ ರೈಲು ಹತ್ತಿದೆ. ಅವಳು ಬೆಂಗಳೂರಿನವಳು.

ಮೊದಲ ದಿನ ನಾವು ಗೊಬ್ಬರದ ಚೀಲಗಳ ಮೇಲೆ ಕುಳಿತು ಸುಮ್ಮನೆ ನೋಡಿದೆವು. ತೊಡಕು ಎಲ್ಲಿದೆ ಎಂಬುದು 11 ಗಂಟೆಯ ಹೊತ್ತಿಗೆ ಕಿವಿಗೇ ಬಿತ್ತು. ಗಲ್ಲಾದ ಮೇಲಿನ ಪುಟ್ಟ ಪೆಟ್ಟಿಗೆ 6,500 ರೂಪಾಯಿ ಬಂದಿದೆ ಎಂದು ಕನ್ನಡದಲ್ಲಿ ಕೂಗಿತು. ಅಂಗಡಿಯಲ್ಲಿ ಆಗ ಒಬ್ಬ ಗಿರಾಕಿಯೂ ಇರಲಿಲ್ಲ. ಅಂಗಡಿಯ ಲೆಕ್ಕ ಬರೆಯುವ ದಿವಾನಜಿಯವರು ಕನ್ನಡಕ ಏರಿಸಿ ಮೊಬೈಲ್ ನೋಡಿದರು. ಇಂಗ್ಲಿಷ್ ಅಕ್ಷರಗಳಲ್ಲಿ ಯಾವುದೋ ಹುಡುಗನ ಹೆಸರು, 12 ಅಂಕಿಯ ವಹಿವಾಟು ಸಂಖ್ಯೆ, ಇನ್ನೇನೂ ಇಲ್ಲ. ಅವರು ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಗೋಡೆಯ ಕೊಕ್ಕೆಗೆ ಚುಚ್ಚಿದರು. ಆ ಕೊಕ್ಕೆಯಲ್ಲಿ ಆಗಲೇ 40ಕ್ಕೂ ಹೆಚ್ಚು ಚೀಟಿಗಳಿದ್ದವು. ಕೆಳಗಿನವು ಹಳದಿಗಟ್ಟಿದ್ದವು.

ರೋಖ, ಎಂದರೆ ನಗದು, ಮಾತ್ರ ಇದ್ದ ಕಾಲದಲ್ಲಿ ರೊಕ್ಕದ ಜೊತೆ ಮನುಷ್ಯನೂ ಬರುತ್ತಿದ್ದ. ಮುಖ ನೋಡಿ ಪುಟ ತೆಗೆದರೆ ಆಯಿತು. 2016ರಲ್ಲಿ ಯುಪಿಐ ಬಂದ ಮೇಲೆ ರೊಕ್ಕ ಒಂಟಿಯಾಗಿ ಬರತೊಡಗಿತು. ಹುಲಕೋಟಿಯ ರೈತ ಅಂಗಡಿಯ ಕ್ಯೂಆರ್ ಚಿತ್ರವನ್ನು ಬೆಂಗಳೂರಿನಲ್ಲಿರುವ ಮಗನಿಗೆ ಕಳಿಸುತ್ತಾನೆ, ಮಗ ಅಲ್ಲಿಂದ ತುಂಬುತ್ತಾನೆ. ಒಮ್ಮೊಮ್ಮೆ ಅಳಿಯ ತುಂಬುತ್ತಾನೆ, ಒಮ್ಮೊಮ್ಮೆ ಪಕ್ಕದ ಹೊಲದವನು ಇಬ್ಬರದನ್ನೂ ಸೇರಿಸಿ ತುಂಬುತ್ತಾನೆ. ಅಂಟಿಸಿದ ಕ್ಯೂಆರ್‌ಗೆ ಯಾವ ಬ್ಯಾಂಕ್ ಖಾತೆಯಿಂದ ಬಂತು ಎಂಬುದಷ್ಟೇ ಗೊತ್ತು. ಅಂಗಡಿಯ ಯಾವ ಪುಟಕ್ಕೆ ಸೇರಬೇಕು ಎಂಬುದು ಅದಕ್ಕೆ ತಿಳಿಯದು. ಮೂರು ವಾರ ಬಿಟ್ಟು ರೈತ ಬಂದು, “ಸಾಹುಕಾರರೇ, ನನ್ನ ಹುಡುಗ ಹಾಕಿದ್ದ ನೋಡಿ” ಎಂದಾಗ ಕೊಕ್ಕೆಯ ಚೀಟಿಗಳನ್ನು ತಿರುವಿ ಹುಡುಕಬೇಕು. ಸಿಕ್ಕರೆ ಸರಿ. ಸಿಗದಿದ್ದರೆ ಮಾವ ರೈತನ ಮಾತನ್ನೇ ನಂಬಿ ಜಮಾ ಬರೆಯುತ್ತಾರೆ. ಫೋನಿನಲ್ಲಿ ಮಾವ ಹೇಳಿದ ಸಂಕಟ ಇದು.

ಹುಬ್ಬಳ್ಳಿಗೆ ಮರಳಿ ನಾವು ಮಾಡಿದ ಉದ್ರಿ ಲೆಕ್ಕದ ಸಾಫ್ಟ್‌ವೇರಿನ ಮೊದಲ ನಮೂನೆ ನಮಗೆ ಕಲಿಸಿದ ಪಾಠದಂತೆಯೇ ಇತ್ತು. ಗಿರಾಕಿಯ ಹೆಸರು, ಅಡ್ಡಹೆಸರು, ಮೊಬೈಲ್ ಸಂಖ್ಯೆ, ಬಿಲ್ ಸಂಖ್ಯೆ, ಮೊತ್ತ, ಕೊಡಬೇಕಾದ ದಿನಾಂಕ. ಪ್ರತಿ ಪಾವತಿಯೂ ಯಾವುದಾದರೂ ಒಂದು ಬಿಲ್ಲಿಗೆ ಅಂಟಬೇಕು. ದಿವಾನಜಿಯವರು ಮೊಬೈಲನ್ನು ಎರಡು ಕೈಯಲ್ಲಿ ಹಿಡಿದು ಕುಳಿತರು. ಒಂದೇ ಊರಿನ ನಾಲ್ವರು ಬಸಪ್ಪಂದಿರು ಬಂದಾಗ ಅವರಿಗೆ ಯಾರನ್ನು ಒತ್ತಬೇಕೆಂದು ತಿಳಿಯಲಿಲ್ಲ. ಪುಸ್ತಕದಲ್ಲಿ ಅವರು ಹೇಗೆ ಬರೆದಿದ್ದರು ಎಂದು ನೋಡಿದೆ: ಬಾವಿ ಹತ್ತಿರದ ಬಸಪ್ಪ, ಟ್ರ್ಯಾಕ್ಟರ್ ಬಸಪ್ಪ, ಹಿರೇಮನಿಯವರ ಅಳಿಯ ಬಸಪ್ಪ, ಬರೀ ಬಸಪ್ಪ. ಊರು ಮೊದಲು, ಗುರುತು ಆಮೇಲೆ. ಅಂದೇ ಅಡ್ಡಹೆಸರಿನ ಜಾಗ ತೆಗೆದು ‘ಊರು’ ಮತ್ತು ‘ಗುರುತು’ ಎಂಬ ಎರಡು ಜಾಗಗಳನ್ನು ಮಾಡಿದೆವು. ಮೊಬೈಲ್ ಸಂಖ್ಯೆ ಇಲ್ಲದೆಯೂ ಖಾತೆ ತೆರೆಯುವಂತೆ ಮಾಡಿದೆವು.

ಬಿಲ್ಲಿನ ವಿಚಾರ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಮಾವ ಬಿಲ್ ಕೊಡುತ್ತಾರೆ. ಸಬ್ಸಿಡಿ ಗೊಬ್ಬರಕ್ಕೆ ರೈತ ಯಂತ್ರದ ಮೇಲೆ ಹೆಬ್ಬೆರಳೂ ಒತ್ತುತ್ತಾನೆ. ಆದರೆ ರೊಕ್ಕ ತರುವಾಗ ಯಾರೂ ಬಿಲ್ಲಿನ ಲೆಕ್ಕದಲ್ಲಿ ತರುವುದಿಲ್ಲ. “ಇದನ್ನು ಹಿಡಿಯಿರಿ, ಉಳಿದದ್ದು ಆಮೇಲೆ” ಎಂದು ಐದು ಸಾವಿರ ಇಟ್ಟು ಹೋಗುತ್ತಾರೆ. ಅದು ಯಾವ ಬಿಲ್ಲಿನದು ಎಂದು ನಮ್ಮ ನಮೂನೆ ಪ್ರತಿ ಸಲ ಕೇಳುತ್ತಿತ್ತು. ಮಾವ ಒಂದು ಕೆಂಪು ಪುಸ್ತಕ ತೆಗೆದು ನನ್ನ ಮಡಿಲಲ್ಲಿಟ್ಟರು. ಹಾಳೆಗೆ ಗೆರೆ ಇಲ್ಲ, ಮಡಿಸಿದ ಗುರುತೇ ಅಂಕಣ. ಎಡಕ್ಕೆ ಬಂದದ್ದರ ಜಮಾ, ಬಲಕ್ಕೆ ಕೊಟ್ಟದ್ದರ ನಾವೆ. ಒಬ್ಬ ಮನುಷ್ಯನಿಗೆ ಒಂದು ಪುಟ, ಕೆಳಗೆ ಒಂದೇ ಬಾಕಿ. ಕಾಗದವನ್ನು ಬೆರಳಿನಿಂದ ಸವರಿದರೆ ಮಡಿಕೆಯ ಏಣು ತಾಗುತ್ತದೆ, ಮಸಿ ಒತ್ತಿ ಬರೆದಲ್ಲಿ ಹಿಂಬದಿ ಉಬ್ಬಿದೆ. ಒಂದು ಕಡೆ 2,300 ಎಂಬುದನ್ನು ಹೊಡೆದು ಮೇಲೆ 3,200 ಎಂದು ಬರೆದಿತ್ತು. ಹೊಡೆದ ಗೆರೆ ಒಂದೇ, ತೆಳುವಾಗಿ, ಕೆಳಗಿನ ಅಂಕಿ ಓದುವಂತೆ. ಪಕ್ಕದಲ್ಲಿ ದಿವಾನಜಿಯವರ ಸಣ್ಣ ಸಹಿ.

“ಅಳಿಸಬಾರದೇ?” ಎಂದು ಗೆಳತಿ ಕೇಳಿದಳು.

“ಅಳಿಸಿದರೆ ಅದು ಲೆಕ್ಕ ಹೇಗಾಗುತ್ತದೆ ತಂಗಿ? ತಪ್ಪು ಬರೆದದ್ದೂ ನಡೆದ ಸಂಗತಿಯೇ ಅಲ್ಲವೇ?” ಎಂದರು ದಿವಾನಜಿ.

ನಮ್ಮ ನಮೂನೆಯಲ್ಲಿ ‘ಅಳಿಸು’ ಎಂಬ ಕೆಂಪು ಗುಂಡಿ ಇತ್ತು. ಅದನ್ನು ಆ ರಾತ್ರಿಯೇ ಕಿತ್ತುಹಾಕಿದೆವು. ಈಗ ನಮ್ಮಲ್ಲಿ ಬರೆದದ್ದು ಬರೆದದ್ದೇ. ತಪ್ಪಿದ್ದರೆ ಅದನ್ನು ರದ್ದು ಮಾಡುವ ಇನ್ನೊಂದು ಸಾಲು ಬೀಳುತ್ತದೆ, ಯಾರು ಯಾವಾಗ ಬರೆದರು ಎಂಬುದರ ಸಮೇತ. ಇದರಿಂದ ನಾವು ನಿರೀಕ್ಷಿಸದ ಒಂದು ಲಾಭವೂ ಆಯಿತು. ಗಲ್ಲಾದಲ್ಲಿ ಒಂದು ಮೊಬೈಲ್, ಗೋದಾಮಿನಲ್ಲಿ ಇನ್ನೊಂದು. ಗೋದಾಮಿನ ತಗಡಿನ ಕೆಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಎರಡೂ ಮೊಬೈಲ್‌ಗಳು ತಮ್ಮ ತಮ್ಮ ಸಾಲುಗಳನ್ನು ಬರೆದಿಟ್ಟುಕೊಂಡು, ನೆಟ್‌ವರ್ಕ್ ಸಿಕ್ಕಾಗ ಒಂದಕ್ಕೊಂದು ಕೊಟ್ಟುಕೊಳ್ಳುತ್ತವೆ. ಹಳೆಯ ಸಾಲನ್ನು ಯಾರೂ ತಿದ್ದದ ಕಾರಣ ಇವನದು ನಿಜವೋ ಅವನದು ನಿಜವೋ ಎಂಬ ಜಗಳವೇ ಹುಟ್ಟುವುದಿಲ್ಲ. ಕಂಪ್ಯೂಟರ್ ಪಾಠದಲ್ಲಿ ಇದನ್ನು ಓದಿದ್ದೆ. ಆದರೆ ಮನಸ್ಸಿಗೆ ಹತ್ತಿದ್ದು ಆ ತೆಳು ಗೆರೆಯನ್ನು ನೋಡಿದ ಮೇಲೆ.

ಬಿಲ್ಲಿನ ಕಟ್ಟು ಬಿಚ್ಚಿ, ಮನುಷ್ಯನಿಗೊಂದು ಪುಟ ಕೊಟ್ಟೆವು. ಪಾವತಿ ಪುಟಕ್ಕೆ ಬೀಳುತ್ತದೆ. ಗುರುತು ಸಿಗದ ರೊಕ್ಕಕ್ಕೆ ‘ಯಾರದೋ’ ಎಂಬ ಪುಟವೇ ಬೇರೆ. ಒಮ್ಮೆ ರೈತ ಬಂದು ಈ ಹುಡುಗನ ಹೆಸರಿನಲ್ಲಿ ಬಂದದ್ದು ನನ್ನದು ಎಂದರೆ, ಮುಂದಿನ ಸಲ ಅದೇ ಹೆಸರು ಬಂದಾಗ ಈ ಪುಟಕ್ಕೆ ಹಾಕಲೇ ಎಂದು ಮೊಬೈಲ್ ಕೇಳುತ್ತದೆ. ತಾನೇ ಹಾಕುವುದಿಲ್ಲ. ಎಣಿಸುವಾಗ, “ಆ ಎಂಬತ್ತು ರೂಪಾಯಿ ಇರಲಿ ಬಿಡು” ಎಂದು ಮಾವ ಕೈಬಿಡುವುದಕ್ಕೂ ಒಂದು ಸಾಲು ಬೇಕಿತ್ತು. ಅದಕ್ಕೆ ‘ಬಿಟ್ಟದ್ದು’ ಎಂದೇ ಹೆಸರಿಟ್ಟೆವು. ವರ್ಷದ ಕೊನೆಗೆ ಬಿಟ್ಟದ್ದರ ಮೊತ್ತ ನೋಡಿ ಮಾವ ಬಹಳ ಹೊತ್ತು ಸುಮ್ಮನಿದ್ದರು.

ಇಷ್ಟಾದರೂ ದಿನಾಂಕದ ಜಾಗ ಹಾಗೆಯೇ ಉಳಿದಿತ್ತು. ಪುಸ್ತಕದಲ್ಲಿ ಗಡುವಿನ ಅಂಕಣದಲ್ಲಿ ಪುಟಪುಟಕ್ಕೂ ‘ಹೆಸರು ಬಂದ ಮೇಲೆ’ ಎಂದಿತ್ತು. ಗೆಳತಿ ನಮೂನೆಯ ಮೊದಲ ಜಾಗವನ್ನು ತೋರಿಸಿ, “ಯಾರ ಹೆಸರು ಬರಬೇಕು? ಹೆಸರು ಬರೆದೇ ಇದೆಯಲ್ಲ” ಎಂದಳು. ಗದಗಿನ ಸುತ್ತಿನ ಕರಿ ಎರೆಯಲ್ಲಿ ಮುಂಗಾರಿಗೆ ಹೆಸರುಕಾಳು ಬಿತ್ತುತ್ತಾರೆ, ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಅದು ಕೈಗೆ ಬರುತ್ತದೆ. ಆ ರೊಕ್ಕದಲ್ಲೇ ಮುಂಗಾರಿನ ಉದ್ರಿ ತೀರುತ್ತದೆ. ಹಿಂಗಾರಿನದಕ್ಕೆ ‘ಕಡಲೆ ಬಂದ ಮೇಲೆ’. ಸಾಫ್ಟ್‌ವೇರಿಗೆ ದಿನಾಂಕ ಬೇಕು, ಕಾಳು ಅರ್ಥವಾಗದು. ಹೆಸರಿಗೆ ಸೆಪ್ಟೆಂಬರ್ 30 ಎಂದು ನಾವೇ ತೀರ್ಮಾನಿಸಿದೆವು. ಯಾರನ್ನೂ ಕೇಳಲಿಲ್ಲ.

ಅದರ ಮೇಲೆ ನೆನಪೋಲೆ ಕಟ್ಟಿದೆವು. ಗಡುವು ಮೀರಿದ ಮರುದಿನ ಎಲ್ಲರಿಗೂ ತಾನಾಗಿ ಎಸ್‌ಎಂಎಸ್ ಹೋಗಬೇಕು. ವ್ಯಾಪಾರದ ಸಂದೇಶ ಕಳಿಸುವವರು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮದಂತೆ ಒಕ್ಕಣೆಯನ್ನು ಮೊದಲೇ ನೋಂದಾಯಿಸಬೇಕು. ಆಮೇಲೆ ಹೆಸರು, ಮೊತ್ತದಂಥ ಜಾಗಗಳಷ್ಟೇ ಬದಲಾಗುತ್ತವೆ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಮಾತ್ರ. ಅದೂ ಗುಣಿತ, ಒತ್ತುಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸಿ. ‘ಕ್ಕಿ’ ಎಂಬುದು ನಾಲ್ಕು. 70 ದಾಟಿದರೆ ಎರಡು ಸಂದೇಶದ ಖರ್ಚು. ಖರ್ಚು ಉಳಿಸಲು ನಾನು ಒಕ್ಕಣೆಯನ್ನು ಕತ್ತರಿಸುತ್ತಾ ಹೋದೆ. ‘ನಮಸ್ಕಾರ’ಕ್ಕೆ 7, ತೆಗೆದೆ. ‘ದಯವಿಟ್ಟು’ವಿಗೆ 8, ತೆಗೆದೆ. ಉಳಿದದ್ದು ಇಷ್ಟು: ‘ಬಾಕಿ ರೂ. 18,400. ಅವಧಿ ಮೀರಿದೆ. ತಕ್ಷಣ ಪಾವತಿಸಿ.’ ಅದನ್ನು ಬರೆದವಳು ನಾನೇ.

ಆ ಸಲ ಹೆಸರು ಬಿಡಿಸುವ ಹೊತ್ತಿಗೆ ಮಳೆ ಹಿಡಿದು ಕಾಯಿ ಗಿಡದಲ್ಲೇ ಮೊಳೆತಿತ್ತು. ನನಗೆ ಅದು ಗೊತ್ತಿರಲಿಲ್ಲ. ಅಕ್ಟೋಬರ್ 1ಕ್ಕೆ ಸಂದೇಶಗಳು ಹೋದವು. ಅದೇ ವಾರದ ಶನಿವಾರ ನಾನು ಅಂಗಡಿಯಲ್ಲಿದ್ದೆ. ಕಣಗಿನಹಾಳದ ಅಜ್ಜ ಒಬ್ಬರು ಬಂದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ್ದು ಅದೇ ಊರಿನಲ್ಲಿ. ಸಾಲ ಎಂದರೇನು, ಅದನ್ನು ತೀರಿಸುವುದೆಂದರೇನು ಎಂಬುದನ್ನು ಆ ಊರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಅಜ್ಜ ಕೂರಲಿಲ್ಲ. ಒಳಜೇಬಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ನೋಟುಗಳನ್ನು ತೆಗೆದು ಗಲ್ಲಾದ ಮೇಲೆ ಎಣಿಸಿದರು. 18,400. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ.

“ಹೆಸರು ಹೋಯಿತಲ್ಲ ಗೌಡರೇ, ಇದನ್ನು ಎಲ್ಲಿಂದ ತಂದಿರಿ?” ಎಂದು ಮಾವ ಎದ್ದು ನಿಂತು ಕೇಳಿದರು.

“ಮಗಳ ಮನೆಯಿಂದ. ಮೊಮ್ಮಗ ಕಟ್ಟೆಯ ಮೇಲೆ ನಾಲ್ಕು ಮಂದಿಯ ನಡುವೆ ಮೊಬೈಲ್ ಓದಿ ಹೇಳಿದ. ಸಾಹುಕಾರರೇ, ಹಾಗೆ ಕೇಳಿಸಿಕೊಳ್ಳುವ ಸಾಲ ನಾನು ಎಂದಾದರೂ ಮಾಡಿದ್ದೆನೇ?”

ಮಾವ ರೊಕ್ಕವನ್ನು ಹಿಂದಕ್ಕೆ ತಳ್ಳಿದರು, ಕಡಲೆ ಬರಲಿ ಎಂದರು. ಅಜ್ಜ ಒಪ್ಪಲಿಲ್ಲ. ಪಾವತಿ ಬರೆಸಿಕೊಂಡು, ತರಿಸಿದ ಚಹಾ ಮುಟ್ಟದೆ ಹೋದರು. ಮಾವ ನನಗೆ ಒಂದು ಮಾತೂ ಬೈಯಲಿಲ್ಲ. ಮರುದಿನ ಬೆಳಿಗ್ಗೆ ಬೈಕ್ ತೆಗೆದುಕೊಂಡು ಕಣಗಿನಹಾಳಕ್ಕೆ ಹೋಗಿಬಂದರು. ಅಲ್ಲಿ ಏನು ಮಾತಾಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಹಿಂಗಾರಿಗೆ ಅಜ್ಜ ಕಡಲೆ ಬೀಜಕ್ಕೆ ನಮ್ಮ ಅಂಗಡಿಗೇ ಬಂದರು. ಆದರೆ ರೋಖ ಕೊಟ್ಟು ಒಯ್ದರು, ಉದ್ರಿ ಬರೆಸಲಿಲ್ಲ. ದಿವಾನಜಿ ಅದನ್ನು ಫೋನಿನಲ್ಲಿ ಹೇಳಿದಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ತಾನಾಗಿ ಹೋಗುವ ಸಂದೇಶವನ್ನು ಪೂರ್ತಿ ತೆಗೆದೆವು. ಈಗ ಗಡುವಿನ ಜಾಗದಲ್ಲಿ ಹೆಸರು, ಕಡಲೆ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಂದು ಬೆಳೆಯನ್ನೇ ಆರಿಸಬಹುದು. ಆ ಬೆಳೆ ಬಂತೋ ಇಲ್ಲವೋ ಎಂಬುದನ್ನು ಮಾವ ಊರಿನ ಲೆಕ್ಕದಲ್ಲಿ ಗುರುತು ಮಾಡುತ್ತಾರೆ. ಮಳೆ ಹೋದ ಊರಿಗೆ ಗಡುವು ಮುಂದಿನ ಬೆಳೆಗೆ ಸರಿಯುತ್ತದೆ. ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗ ಯಾರ ಬಾಕಿ ಎಷ್ಟು, ಎಷ್ಟು ದಿನದ್ದು ಎಂಬ ಪಟ್ಟಿ ಮಾವನಿಗೆ ಮಾತ್ರ ಬರುತ್ತದೆ. ಕೇಳುವುದೋ, ತಡೆಯುವುದೋ, ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಮಾತಾಡುವುದೋ ಅವರಿಗೆ ಬಿಟ್ಟದ್ದು. ಗಿರಾಕಿಗೆ ಹೋಗುವ ಸಂದೇಶ ಒಂದೇ: ರೊಕ್ಕ ಮುಟ್ಟಿದಾಗ, ಮುಟ್ಟಿದೆ ಎಂದು ಹೇಳುವುದು. ಅದರಲ್ಲಿ ‘ನಮಸ್ಕಾರ’ ಇದೆ. ಎರಡು ಸಂದೇಶದ ಖರ್ಚಾಗುತ್ತದೆ, ಆಗಲಿ.

ಕಾಗದವನ್ನೂ ನಾವು ಪೂರ್ತಿ ಬಿಡಲಿಲ್ಲ. 1963ರ ಕಾಲಮಿತಿ ಕಾಯ್ದೆಯಂತೆ ಇಂಥ ಬಾಕಿಗೆ ದಾವೆ ಹೂಡಲು ಮೂರು ವರ್ಷದ ಅವಧಿ. ಆ ಅವಧಿಯೊಳಗೆ ಸಾಲಗಾರ ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ ಅಲ್ಲಿಂದ ಅವಧಿ ಮತ್ತೆ ಹೊಸದಾಗಿ ಶುರುವಾಗುತ್ತದೆ. ಮಾವ ಒಬ್ಬರ ಮೇಲೂ ದಾವೆ ಹೂಡಿದವರಲ್ಲ. ಆದರೂ ವರ್ಷಕ್ಕೊಮ್ಮೆ ದೀಪಾವಳಿಯ ಹೊತ್ತಿಗೆ ಬಾಕಿ ತೋರಿಸಿ ಸಹಿ ಹಾಕಿಸುವ ರೂಢಿ ಅವರ ತಂದೆಯ ಕಾಲದ್ದು. ಈಗ ಆ ಪುಟವನ್ನು ಮುದ್ರಿಸಿ ಎರಡು ಪ್ರತಿ ಮಾಡುತ್ತೇವೆ. ಒಂದು ಅಂಗಡಿಗೆ, ಒಂದು ರೈತನ ಜೇಬಿಗೆ. ಇಬ್ಬರ ಬಳಿಯೂ ಒಂದೇ ಅಂಕಿ ಇರುವುದು ರೈತರಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು.

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಲೇತ್ ಯಂತ್ರ ಇಟ್ಟುಕೊಂಡ ಅಣ್ಣ ಒಬ್ಬರು ಇದನ್ನು ನೋಡಿ ತಮಗೂ ಬೇಕೆಂದರು. ಅವರ ಕಷ್ಟ ತಿರುಗಮುರುಗ. ಅವರಿಗೆ ಬಾಕಿದಾರರು ಐದಾರು ದೊಡ್ಡ ಕಂಪನಿಗಳು ಮಾತ್ರ, ಮತ್ತು ಅಲ್ಲಿ ಬಿಲ್ಲೇ ಎಲ್ಲ. 2006ರ ಕಿರು, ಸಣ್ಣ, ಮಧ್ಯಮ ಉದ್ದಿಮೆಗಳ ಎಂಎಸ್‌ಎಂಇ ಕಾಯ್ದೆಯಂತೆ ನೋಂದಾಯಿತ ಸಣ್ಣ ಘಟಕದ ರೊಕ್ಕವನ್ನು, ಕರಾರು ಇದ್ದರೂ, ಮಾಲು ಒಪ್ಪಿಕೊಂಡ 45 ದಿನಗಳೊಳಗೆ ಕೊಡಲೇಬೇಕು. ಬರಹದ ಕರಾರು ಇಲ್ಲದಿದ್ದರೆ 15 ದಿನ. ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ ಕಲಮಿನಂತೆ 2024ರ ಏಪ್ರಿಲ್‌ನಿಂದೀಚೆಗೆ, ಹಾಗೆ ತಡಮಾಡಿದ ಕಂಪನಿ ರೊಕ್ಕ ಕೊಡುವವರೆಗೂ ಅದನ್ನು ಖರ್ಚೆಂದು ತೋರಿಸುವಂತಿಲ್ಲ. ಹೀಗಾಗಿ ಇವರಿಗೆ ಪ್ರತಿ ಬಿಲ್ಲಿಗೂ ದಿನ ಎಣಿಸುವ ಪಟ್ಟಿ ಮಾಡಿಕೊಟ್ಟೆವು. 30, 40, 45. ಅಣ್ಣ ಅದನ್ನು ನೋಡಿ, “ಕಾನೂನು ನನ್ನ ಕಡೆ ಇದೆ ತಂಗಿ, ಮುಂದಿನ ಆರ್ಡರ್ ಅವರ ಕಡೆ ಇದೆ” ಎಂದರು. ಆದರೂ ಫೋನಿನಲ್ಲಿ ಲೆಕ್ಕಪತ್ರದವರ ಜೊತೆ ಮಾತಾಡುವಾಗ 43ನೆಯ ದಿನ ಎಂದು ಖಚಿತವಾಗಿ ಹೇಳಲು ಬರುತ್ತದೆ ಎಂಬುದೇ ಅವರಿಗೆ ಬಲ. ಮನುಷ್ಯನ ಪುಟ, ಬಿಲ್ಲಿನ ಪಟ್ಟಿ ಎರಡನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಲು ಆರು ತಿಂಗಳು ಹೆಣಗಿದೆವು. ಬಿಟ್ಟುಬಿಟ್ಟೆವು. ಈಗ ಅವು ಬೇರೆ ಬೇರೆ.

ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುವ ಹುಡುಗರಿಗೆ ಊಟ ಹಾಕುವ ಖಾನಾವಳಿಯ ಅಕ್ಕ ಮೂರನೆಯವರು. ಅವರ ತಿಂಗಳ ಲೆಕ್ಕ ಸರಳ, ಎರಡು ವಾರದಲ್ಲಿ ಆಯಿತು. ಆದರೆ 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸುಗಳು ಹೋಗಿ, ಹಲವೆಡೆ ಅಂಗಡಿಯವರು ಕ್ಯೂಆರ್ ಕಿತ್ತು ನಗದು ಮಾತ್ರ ಎಂದು ಬರೆದು ಅಂಟಿಸಿದರಲ್ಲ, ಆಗ ಅಕ್ಕ ನನ್ನನ್ನು ಕರೆಸಿ ನೇರವಾಗಿ ಕೇಳಿದರು: “ನಾನು ಇದರಲ್ಲಿ ಬರೆಯುವುದು ಯಾರ ಕೈಗೆ ಹೋಗುತ್ತದೆ?” ಬರೆದದ್ದು ಅವರ ಮೊಬೈಲಿನಲ್ಲೇ ಇರುತ್ತದೆ, ಪ್ರತಿ ಇಡಬೇಕೆಂದರೂ ಅವರದೇ ಗುಪ್ತಪದದಲ್ಲಿ ಮುಚ್ಚಿಡುತ್ತೇವೆ ಎಂದು ತೆರೆದು ತೋರಿಸಿದೆ. ಜಿಎಸ್‌ಟಿ ನೋಂದಣಿಯ ಮಿತಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ಎಂದು ಹೇಳಿ, ಅವರ ಹನ್ನೆರಡು ತಿಂಗಳ ಮೊತ್ತವನ್ನು ಅಲ್ಲೇ ಕೂಡಿಸಿ ಕೊಟ್ಟೆ. ಅದು ಮಿತಿಯ ಕೆಳಗಿತ್ತು. ಅಕ್ಕ ಅಂದು ನನಗೆ ಊಟ ಬಡಿಸಿ, ರೊಟ್ಟಿಯ ಮೇಲೆ ಎರಡು ಸಲ ತುಪ್ಪ ಹಾಕಿದರು.

ಕಣಗಿನಹಾಳದ ಅಜ್ಜ 2025ರ ಮುಂಗಾರಿಗೆ ಬಂದು, ಹೆಸರಿನ ಬೀಜ ಮತ್ತು ಡಿಎಪಿ ಗೊಬ್ಬರ ತೆಗೆದುಕೊಂಡು, “ಬರೆದುಕೊಳ್ಳಿ” ಎಂದರು. ದಿವಾನಜಿ ತಕ್ಷಣ ನನಗೆ ಫೋನ್ ಮಾಡಿದರು. ಅದಕ್ಕಿಂತ ಹೆಚ್ಚಿನ ಸಂತೋಷ ಈ ಕೆಲಸದಲ್ಲಿ ನನಗೆ ಸಿಕ್ಕಿಲ್ಲ.

ಈಗ ಅಜ್ಜನ ಮನೆಯಲ್ಲಿ ಗಂಡುಮಕ್ಕಳಿಬ್ಬರು ಬೇರೆಯಾಗುತ್ತಿದ್ದಾರೆ. ಖಾತೆ ಎರಡು ಮಾಡಿಕೊಡಿ ಎಂದು ಕೇಳಿದ್ದಾರೆ. ನಮ್ಮಲ್ಲಿ ಒಂದು ಪುಟವನ್ನು ಎರಡು ಮಾಡುವ ದಾರಿ ಇಲ್ಲ. ಬಾಕಿ 11,200ನ್ನು ಅರ್ಧ ಅರ್ಧ ಮಾಡಿ ಎಂದು ಅಜ್ಜ ಹೇಳುತ್ತಾರೆ. ಗೊಬ್ಬರವೆಲ್ಲ ಬಿದ್ದದ್ದು ಅಣ್ಣನ ಪಾಲಿಗೆ ಬಂದ ಹೊಲಕ್ಕೆ ಎಂದು ಕಿರಿಯವನು ಹೇಳುತ್ತಾನೆ. ಅವರು ಒಪ್ಪುವವರೆಗೆ ಹಳೆಯ ಪುಟವನ್ನು ಮುಚ್ಚಬಾರದು, ಹೊಸ ಪುಟಗಳೆರಡೂ ಸೊನ್ನೆಯಿಂದ ಶುರುವಾಗಲಿ ಎಂಬುದು ಮಾವನ ಮಾತು. ಹಾಗಾದರೆ ನಡುವೆ ಬಂದ ರೊಕ್ಕ ಯಾವ ಪುಟಕ್ಕೆ? ಹಿಂದೆ ಇಂಥ ಮನೆಗಳು ಒಡೆದಾಗ ಪುಸ್ತಕದಲ್ಲಿ ಹೇಗೆ ಬರೆದಿದ್ದರೋ ಹುಡುಕಿಡುತ್ತೇನೆ ಎಂದಿದ್ದಾರೆ ದಿವಾನಜಿ. ಬರುವ ಶನಿವಾರ ಅಣ್ಣತಮ್ಮಂದಿರಿಬ್ಬರೂ ಅಂಗಡಿಗೆ ಬರುತ್ತಾರಂತೆ. ನಾನೂ ಗೆಳತಿಯೂ ಬೆಳಗಿನ ರೈಲಿಗೆ ಹೊರಡುತ್ತಿದ್ದೇವೆ.